ಎರಡು ಬೆರಳ ಎತ್ತರ

ನಲವತ್ತು ಮೀಟರ್ ಮೇಲೆ, ಗಾಜಿನ ಗೂಡಿನಲ್ಲಿ
ಇಪ್ಪತ್ತೆಂಟು ವರ್ಷ ಕೂತವಳು ನಾನು,
ಗೆನೊವೆಫಾ ಲಬೂದಾ,
ಗ್ದಿನ್ಯಾದ ಹಡಗುಕಟ್ಟೆಯಲ್ಲಿ ಕ್ರೇನು ನಡೆಸಿದವಳು.
ಕೆಳಗೆ ಹಳದಿ ಟೊಪ್ಪಿಯ ಗಂಡಸರು
ಚೆಲ್ಲಿದ ಬಟಾಣಿಯ ಹಾಗೆ.
ಬಿದ್ದದ್ದು ಮಾತ್ರ
ಬಚ್ಚಲಮನೆಯ ಹೊಸ್ತಿಲಲ್ಲಿ.
ಎರಡು ಬೆರಳ ಎತ್ತರ.

ಆಮೇಲೆ ನೆಲದ ಮೇಲಿನ ನಂಬಿಕೆ ಹೋಯಿತು.
ಅಡುಗೆಮನೆಗೆ ಗೋಡೆ ಹಿಡಿದು,
ಗೋಡೆ ಮುಗಿದಲ್ಲಿ ಫ್ರಿಜ್ಜು ಹಿಡಿದು,
ಫ್ರಿಜ್ಜಿನಿಂದ ಮೇಜಿಗೆ ಒಂದೂವರೆ ಹೆಜ್ಜೆ:
ಆ ಅರ್ಧ ಹೆಜ್ಜೆಗೆ
ಎಷ್ಟು ಸಲ ಚಹಾ ಬೇಡವೆಂದು ಹಿಂತಿರುಗಿದ್ದೇನೆ.

ಮಂಗಳವಾರ, ಶುಕ್ರವಾರ ತಿಮೊನ್‌ನ ಕೋಣೆ.
ನನ್ನ ಮೊಮ್ಮಗನ ವಯಸ್ಸು, ಗಡ್ಡ ಇನ್ನೂ ಯೋಚಿಸುತ್ತಿದೆ.
ಸೊಂಟಕ್ಕೆ ಪಟ್ಟಿ ಬಿಗಿದು
ಚಾವಣಿಯ ಕೊಕ್ಕೆಗೆ ನನ್ನನ್ನು ಸಿಕ್ಕಿಸುತ್ತಾನೆ.
ಬದುಕಿಡೀ ಕೊಕ್ಕೆಗೆ ಭಾರ ಕೊಟ್ಟವಳು,
ಈಗ ನಾನೇ ಭಾರ.
‘ಎಷ್ಟು ಟನ್ನು?’ ಎಂದೆ.
ಅವನಿಗೆ ಅರ್ಥವಾಗಲಿಲ್ಲ.

ಕಣ್ಣಿಗೆ ಕಪ್ಪು ಡಬ್ಬಿ ಕಟ್ಟಿದ.
ಕಾಲ ಕೆಳಗೆ ಟ್ರೆಡ್‌ಮಿಲ್ ಗುರುಗುಟ್ಟಿತು.
ಎದುರಿಗೆ ಬರ್ಚ್ ಮರಗಳ ಕಾಡು,
ಎಲೆಯೊಂದೂ ಅಲುಗದ ಕಾಡು,
ನಡುವೆ ಹೊಳೆ, ಹೊಳೆಯಲ್ಲಿ ಕಲ್ಲು.
‘ಕಲ್ಲು ದಾಟಿ, ಅಜ್ಜಿ.’
ಬಗ್ಗಿ ನೋಡಿದೆ:
ಕಲ್ಲಿದೆ, ನೀರಿದೆ,
ನನ್ನ ಕಾಲಿಲ್ಲ.
‘ಪಾದ ಎಲ್ಲಿಟ್ಟೆಯಪ್ಪಾ?’
‘ಇವೆ, ಯಂತ್ರ ತೋರಿಸುವುದಿಲ್ಲ ಅಷ್ಟೆ.’

ಇಲ್ಲದ ಕಾಲಲ್ಲಿ ಇಲ್ಲದ ಕಲ್ಲು ದಾಟುವುದು
ಇರುವ ಕಾಲಲ್ಲಿ ಇರುವ ಹೊಸ್ತಿಲಿಗಿಂತ
ಸುಲಭವೆಂದು ಯಾರು ಹೇಳಿದರು?
ಎಡಗಡೆಯಿಂದ ಬಾತುಕೋಳಿಯೊಂದು ಅಡ್ಡ ಬಂತು.
ಓಲಾಡಿದೆ. ಹಗ್ಗ ಬಿಗಿಯಿತು.
ಕೊಕ್ಕೆಯ ಕಬ್ಬಿಣ ಕಿರುಗುಟ್ಟಿದ ಆ ಸದ್ದು,
ಅದೊಂದೇ ಆ ಕಾಡಿನಲ್ಲಿ ನನಗೆ ಗೊತ್ತಿದ್ದ ಹಕ್ಕಿ.

ಆರನೆಯ ವಾರ ಕೇಳಿಯೇಬಿಟ್ಟೆ:
ಈ ಕಾಡು ಸಾಕು, ಎತ್ತರ ಇದೆಯಾ?
ಇತ್ತು. ಕಾಲೇಜು ಹುಡುಗರ ಆಟವಂತೆ,
ಎರಡು ಗೋಪುರ, ನಡುವೆ ಒಂದು ಹಲಗೆ.
ತಿಮೊನ್ ತಲೆ ತುರಿಸಿಕೊಂಡ,
ದೊಡ್ಡ ಡಾಕ್ಟರು ಊಟಕ್ಕೆ ಹೋಗುವವರೆಗೆ ಕಾದ,
ಪಟ್ಟಿಯನ್ನು ಎರಡು ಸಲ ಎಳೆದು ನೋಡಿದ.

ಮೇಲೆ ಬಂದೆ.
ಪಟ್ಟಣ ಕೆಳಗೆ, ಆಟಿಕೆಯ ಕಾರುಗಳು.
ಆದರೂ ಮೊಣಕಾಲು ನಡುಗಿತು. ಏನೋ ಕಡಿಮೆ.
ಉಪ್ಪಿನಲ್ಲಿಲ್ಲದ ಸಾರಿನ ಹಾಗೆ ಚಪ್ಪೆ ಎತ್ತರ.
‘ಗಾಳಿ ಎಲ್ಲಿ?’ ಎಂದೆ.
‘ಗಾಳಿಯಿಲ್ಲದೆ ನಾನು ಯಾವುದಕ್ಕೆ ಒರಗಲಿ?’

ಹುಡುಗ ಹೊರಗೋಡಿದ ಸದ್ದು.
ನರ್ಸ್ ಕೋಣೆಯ ಟೇಬಲ್ ಫ್ಯಾನು ತಂದು
ನನ್ನ ಎಡಗೆನ್ನೆಗೆ ತಿರುಗಿಸಿದ.
ಬಿಸ್ಕತ್ತಿನ ಧೂಳು, ಡೆಟ್ಟಾಲಿನ ವಾಸನೆ,
ಇರಲಿ, ವಾಯವ್ಯದ ಗಾಳಿಯೆಂದುಕೊಂಡೆ.
ಬೆನ್ನು ತಾನಾಗಿ ನೆಟ್ಟಗಾಯಿತು.
ಹಿಮ್ಮಡಿ ಮೊದಲು, ಬೆರಳು ಆಮೇಲೆ,
ಕಣ್ಣು ಹಲಗೆಯ ಮೇಲಲ್ಲ, ಹಲಗೆಯ ತುದಿಯ ಮೇಲೆ:
ಹತ್ತೊಂಬತ್ತರ ಹುಡುಗಿಗೆ
ಮುದುಕ ಫೋರ್‌ಮನ್ ಬೈದು ಕಲಿಸಿದ್ದು,
ಮಂಡಿ ಮರೆತರೂ ಮೈ ಮರೆತಿರಲಿಲ್ಲ.
ಹೋದೆ. ತಿರುಗಿ ಬಂದೆ.
ಫ್ಯಾನು ಬಲಗೆನ್ನೆಗೆ ಬಂತು,
ಪಾಪ, ಹುಡುಗ ಎತ್ತಿಕೊಂಡು ಸುತ್ತ ಬರುತ್ತಿದ್ದ.

ಡಬ್ಬಿ ಬಿಚ್ಚಿದ.
ಟ್ರೆಡ್‌ಮಿಲ್‌ನಿಂದ ನೆಲಕ್ಕೆ ಒಂದೇ ಮೆಟ್ಟಿಲು,
ಅಲ್ಲಿ ಅವನ ಮೊಣಕೈ ಬೇಕಾಯಿತು.
ಬೇಕಾಯಿತು, ಸುಳ್ಳೇಕೆ ಹೇಳಲಿ.
ಅಂಕದ ಹಾಳೆಯಲ್ಲಿ ಏನೋ ಬರೆದ,
ಫ್ಯಾನಿನ ವಿಷಯ ಬರೆಯಲಿಲ್ಲ.

ಸಂಜೆ ಬಸ್ಸಿಳಿದು ಮನೆಗೆ ಬರುವಾಗ
ಮೀನಂಗಡಿಯ ಮುಂದೆ, ಸಪಾಟು ಕಾಲುದಾರಿಯಲ್ಲಿ,
ಏನೂ ಇಲ್ಲದ ಜಾಗದಲ್ಲಿ
ಕಾಲೆತ್ತಿ ಏನನ್ನೋ ದಾಟಿದೆನಂತೆ.
ಅಂಗಡಿಯ ಬೊಝೆನಾ ನಕ್ಕಳು.
ಹೊಳೆ, ಎಂದೆ.

ಬಚ್ಚಲಮನೆಯ ಬಾಗಿಲಲ್ಲಿ ನಿಂತಿದ್ದೇನೆ ಈಗ.
ಒಂದು ಕೈ ಚೌಕಟ್ಟಿನ ಮೇಲೆ.
ಕಿಟಕಿ ತೆರೆದಿಟ್ಟು ಬಂದಿದ್ದೇನೆ,
ಸಮುದ್ರದ ಕಡೆಯದು.