ಇದಕ್ಕಿಂತ

ಮೊದಲರ್ಧ ಸಲೀಸು.
ಆಸ್ಪತ್ರೆಯಿಂದ ಫೋನು ಬಂದಾಗ ನಾಲಿಗೆ ತಾನೇ ಹೇಳಿಬಿಟ್ಟಿತು:
ನಾವು ಅವನವರು, ಅವನ ಕಡೆಗೇ ಮರಳುವವರು.
ಮದರಸದ ಬೆಂಚಿನಲ್ಲಿ ಕಾಲು ಆಡಿಸುತ್ತ ಕಲಿತದ್ದು,
ಕರೆಂಟು ಹೋದರೂ ಚಪ್ಪಲಿ ಹರಿದರೂ ಹೇಳಿಕೊಂಡದ್ದು.

ತೊಡಕಿರುವುದು ಆಮೇಲಿನದರಲ್ಲಿ.
ಅಲ್ಲಾಹನೇ, ಈ ಆಪತ್ತಿಗೆ ನನಗೆ ಪ್ರತಿಫಲ ಕೊಡು,
ಬದಲಾಗಿ ಕೊಡು, ಖೈರನ್ ಮಿನ್‌ಹಾ,
ಇನ್ನೂ ಒಳ್ಳೆಯದನ್ನು...

ಅಲ್ಲಿಗೆ ನಿಲ್ಲುತ್ತೇನೆ, ಪ್ರತಿ ನಮಾಝಿನ ಕೊನೆಗೆ,
ದಾರ ಸಿಕ್ಕಿಕೊಂಡು ಸೂಜಿ ನಿಂತ ಹಾಗೆ.
ಹಸೈನಾರರಿಗಿಂತ ಒಳ್ಳೆಯದು
ಯಾವ ಅಂಗಡಿಯಲ್ಲಿ ಸಿಗುತ್ತದೆ?

ಸೊಹಾರಿನ ಈ ಗಲ್ಲಿಯಲ್ಲಿ ಹದಿನೇಳು ವರ್ಷ
ಗಂಡಸರ ಭುಜ ಅಳೆದವರು.
ಅಳತೆ ಪುಸ್ತಕದಲ್ಲಿ ಒಬ್ಬರದೂ ನಿಜ ಹೆಸರಿಲ್ಲ,
ಇರುವುದೆಲ್ಲ ಅಡ್ಡಹೆಸರು, ಗಿರಾಕಿಗೆ ತಿಳಿಯದಂತೆ ಕನ್ನಡದಲ್ಲಿ:
ಬ್ಯಾಂಕಿನ ಕೊಕ್ಕರೆ, ಉದ್ದ ೫೮.
ಖರ್ಜೂರದ ಹಾಜಿ, ಹೊಟ್ಟೆ ೪೬, ಊಟಕ್ಕೆ ಮೊದಲು.
ಹಲ್ಲುನೋವಿನವ, ತೋಳು ೨೩, ಎಡದ್ದು ಅರ್ಧ ಇಂಚು ಗಿಡ್ಡ.
ನಗು ಬಂತು.
ಇದ್ದತ್ತಿನಲ್ಲಿ ನಗಬಹುದೇ? ಯಾರನ್ನು ಕೇಳಲಿ?

ಬದುಕಿಡೀ ಹೊಲಿದವರು
ಹೊಲಿಗೆಯೇ ಇಲ್ಲದ ಮೂರು ತುಂಡಿನಲ್ಲಿ ಹೋದರು.
ಕಫನ್ ಕತ್ತರಿಸಿದ್ದು ಅಂಗಡಿಯ ಸಿಲ್ಹೆಟ್ಟಿನ ಹುಡುಗ ಶಫೀಉಲ್.
ಅಂಚು ನೆಟ್ಟಗೇ ಬಂತು,
ಉಸ್ತಾದ್ ನೋಡಿದ್ದರೂ ಬಯ್ಯುತ್ತಿರಲಿಲ್ಲ ಅಂದ, ಬಾಗಿಲಾಚೆ ನಿಂತು.
ಮಣ್ಣು ಹಾಕಿದ್ದು ನಾನು ನೋಡಿಲ್ಲ.
ಅಸರಿಗೆ ಕೊಂಡೊಯ್ದರು, ಮಗ್‌ರಿಬಿನೊಳಗೆ ಮುಗಿದಿತ್ತು.
ಉಪ್ಪಿನಂಗಡಿಯಿಂದ ನಾದಿನಿ ಅತ್ತಳು,
ನೆಟ್‌ವರ್ಕು ಆ ಅಳುವನ್ನು ತುಂಡು ತುಂಡಾಗಿ ತಂದಿತು.

ಮೇಲಿನ ಮನೆಯ ಝುವೈನಾ ಬಂದಳು,
ಕಾಫಿಯ ಫ್ಲಾಸ್ಕು, ಖರ್ಜೂರದ ಡಬ್ಬಿ.
ನನ್ನ ಅರಬಿ ಮುರುಕು, ಅವಳ ಹಿಂದಿ ಅದಕ್ಕಿಂತ ಮುರುಕು.
ಹೇಗೋ ಹೇಳಿದೆ: ದುಆ ಗಂಟಲಲ್ಲೇ ನಿಲ್ಲುತ್ತದೆ,
ಅವರಿಗಿಂತ ಒಳ್ಳೆಯದನ್ನು ಯಾವ ಬಾಯಲ್ಲಿ ಕೇಳಲಿ?
ಅವಳು ಲೋಟ ಕೆಳಗಿಟ್ಟಳು.
ಮಿನ್‌ಹು ಅಲ್ಲವಲ್ಲ ತಂಗಿ, ಮಿನ್‌ಹಾ.
ಮುಚ್ಚಿಟ್ಟ ಮಿಷನ್ನಿನ ಧೂಳಿನಲ್ಲಿ ಬೆರಳಿಂದ ಎರಡನ್ನೂ ಬರೆದಳು.
ಇದು ಅವನಿಗಿಂತ. ಇದು ಆಪತ್ತಿಗಿಂತ.
ನೀನು ಕೇಳುವುದು ಗಂಡನಿಗಿಂತ ಒಳ್ಳೆಯದನ್ನಲ್ಲ,
ಈ ನೋವಿಗಿಂತ ಒಳ್ಳೆಯದನ್ನು.

ಮೂವತ್ತು ವರ್ಷ ಬಾಯಿಪಾಠ ಹೇಳಿದ್ದೆ.
ಒಮ್ಮೆ ಕನ್ನಡದಲ್ಲಿ ಯೋಚಿಸಿದ್ದರೆ ಸಾಕಿತ್ತು:
ಅವರಿಗಿಂತ ಬೇರೆ,
ಇದಕ್ಕಿಂತ ಬೇರೆ.

ಇದಕ್ಕಿಂತ, ರಬ್ಬೇ.
ಎರಡು ಗಂಟೆಗೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿ
ಅದು ಮೇಲಿನ ಮಹಡಿಗೆ ಹೋಗಿಬಿಡುವ ಇದಕ್ಕಿಂತ.
ಎರಡು ತಟ್ಟೆ ತೆಗೆದು ಒಂದನ್ನು
ಶಬ್ದವಾಗದಂತೆ ಒಳಗಿಡುವ ಇದಕ್ಕಿಂತ.
ವೀಸಾದ ಕಾಗದದಲ್ಲಿರುವ ಆ ತಾರೀಕಿಗಿಂತ.
ಇಷ್ಟು ಕೇಳುವ ಧೈರ್ಯ ನನಗಿದೆ.
ಕೊಡುವುದು ಬಿಡುವುದು ನಿನ್ನ ಕೈ,
ಆ ಕೈಯಲ್ಲೇ ಅವರೂ ಇದ್ದಾರೆ.

ಇಶಾ ಆದ ಮೇಲೆ ಶಫೀಉಲ್ ಒಂದು ಪೊಟ್ಟಣ ತಂದ,
ಅರ್ಧ ಹೊಲಿದ ದಿಶ್ದಾಶ. ಎಡತೋಳು ಬಾಕಿ.
ಆ ಅಜ್ಜ ಎರಡು ಸಲ ಬಂದು,
ಕೇಳಲು ನಾಚಿ, ಸಲಾಂ ಮಾತ್ರ ಹೇಳಿ ಹೋದರಂತೆ.
ಪುಸ್ತಕ ತೆರೆದೆ. ಹಲ್ಲುನೋವಿನವ.
ಧೂಳಿನ ಎರಡು ಪದಗಳಲ್ಲಿ ಒಂದನ್ನು ಒರೆಸಿ
ಮಿಷನ್ನಿಗೆ ಎಣ್ಣೆ ಬಿಟ್ಟೆ.
ಅರ್ಧ ಇಂಚು ಗಿಡ್ಡವಾಗಿಯೇ ಹೊಲಿದೆ,
ಅವರು ಬರೆದಿಟ್ಟ ಹಾಗೆ.

ಕೊರಳ ಕುಚ್ಚಿಗೆ ಒಂದು ತೊಟ್ಟು ಅತ್ತರು ತಾಗಿಸಿ
ಕೊಡುವುದು ಅವರ ಕ್ರಮವಾಗಿತ್ತು.
ಹುಡುಗನಲ್ಲಿ ಹೇಳಿ ಕಳಿಸಿದೆ:
ಈ ಸಲ ಅತ್ತರು ಅಜ್ಜನೇ ಹಚ್ಚಿಕೊಳ್ಳಲಿ,
ನನಗಿನ್ನೂ ಎಪ್ಪತ್ತೆರಡು ದಿನ ಇದೆ.