ಹೊಲಿಗೆಗೆ ಬಿಟ್ಟದ್ದು

ಹತ್ತು ಮೀಟರು ಧಾರಾಳ ಸಾಕು, ಎಂದ ಹಾರಿಸ್.
ಕಾಸರಗೋಡು ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ,
ಒಬ್ಬರು ನಿಂತರೆ ಇನ್ನೊಬ್ಬರು ಅಡ್ಡ ತಿರುಗಬೇಕಾದ ಅಂಗಡಿ.
ಸಾಕಾಗುವುದಿಲ್ಲ ಮಾರಾಯ,
ನೀನು ಹೇಳುವುದು ಕಾಗೆ ಹಾರುವ ದಾರಿ.
ನಮ್ಮ ವಯರು ಗೋಡೆ ಹಿಡಿದು ಹೋಗಬೇಕು:
ಬಾಗಿಲ ಚೌಕಟ್ಟು ಸುತ್ತಿ, ತೊಲೆ ಹತ್ತಿ,
ಫ್ಯಾನಿನ ಕೊಕ್ಕೆ ತಪ್ಪಿಸಿ, ಇಳಿದು.
ಚೀಲದಿಂದ ಟೇಪು ತೆಗೆದು ಅವನ ಮುಂದಿಟ್ಟೆ.
ಉಪ್ಪಳದ ಹೆಂಗಸರನ್ನೆಲ್ಲ ಅಳೆದು
ಒಂದು ಎರಡು ಮೂರು ಅಳಿಸಿಹೋದ ಟೇಪು.
ಇದರಲ್ಲಿ ಒಂಬತ್ತು ಸಲ ಹಿಡಿದಿದ್ದೇನೆ,
ಹೊಲಿಗೆಗೆ ಇನ್ನೊಂದು.
ಹದಿನೈದು ಕೊಡು.

ಹೆದ್ದಾರಿ ಅಗಲವಾದಾಗ ನನ್ನ ಅಂಗಡಿಯ ಮೂತಿ ಹೋಯಿತು,
ಹಿಂದಿನ ಮಾಳಿಗೆ ಉಳಿಯಿತು, ಪರಿಹಾರದಲ್ಲಿ ಚೂರು ಉಳಿಯಿತು.
ಮಂಗಳೂರಲ್ಲಿ ಯಾರೋ ಮಾರಿದ ಪ್ರೊಜೆಕ್ಟರು.
ಪರದೆ ನಾನೇ ಹೊಲಿದೆ, ಬಿಳಿ ಪಾಪ್ಲಿನ್ನು, ಎರಡು ಪನ್ನ.
ಎಷ್ಟು ಇಸ್ತ್ರಿ ಹಾಕಿದರೂ
ನಡುವೆ ಒಂದು ಗೆರೆ ಉಂಟು.

ಮೊದಲು ಅಸ್ಮಾಬಿಯ ತಮ್ಮ ತಂದದ್ದು ಒಂಬೈನೂರರ ವಯರು.
ಚಿತ್ರವೇನೋ ಬಂತು.
ಹಳೇ ಧಾರೆಸೀರೆಯಿಂದ ಜರಿ ಉದುರಿದ ಹಾಗೆ
ಹೀರೋನ ಕೆನ್ನೆಯಲ್ಲಿ ಮಿಣಿಮಿಣಿ.
ಐದು ನಿಮಿಷಕ್ಕೊಮ್ಮೆ ಕತ್ತಲೆ,
ಕತ್ತಲೆಯಲ್ಲಿ ಲಿಲ್ಲಿಬಾಯಿಯ ಕೆಮ್ಮು.

ತಾಮ್ರ ಅಲ್ವಾ ಚೇಚಿ, ದೂರ ಓಡಿದರೆ ಅದಕ್ಕೂ ಏದುಸಿರು,
ಎನ್ನುತ್ತ ಮೂರು ಪೆಟ್ಟಿಗೆ ಬಿಚ್ಚಿದ.
ಒಂದು ಬಾಳೆದಿಂಡಿನ ಮಗ, ಬಾಗಿಸಿದರೆ ಬಾಗದು.
ಇನ್ನೊಂದರ ತುದಿಗೆ ಚಿನ್ನದ ನೀರು,
ಪೆಟ್ಟಿಗೆ ಮೇಲೆ ಸಿಂಹ, ಮೈಗೆ ನೈಲಾನು ನೇಯ್ಗೆ.
ಉಗುರಲ್ಲಿ ಕೆರೆದು ನೋಡಿದೆ, ನೇಯ್ಗೆ ಒಳ್ಳೆಯದೇ.
ಆದರೆ ಲೈನಿಂಗು ನೋಡದೆ ಕೋಟಿಗೆ ದುಡ್ಡು ಕೊಡುವುದುಂಟೋ?
ಒಳಗೆ ಎಂತ ಉಂಟು?
ಪ್ರೀಮಿಯಮ್ಮು ಅಂತ ಬರೆದದೆ ಚೇಚಿ, ನೋಡಿ.
ಬರೆದದ್ದು ಬಿಡು. ಲೇಬಲ್ಲು ನಾನೂ ಹೊಲಿಯುತ್ತೇನೆ,
ನೂರಕ್ಕೆ ಎಂಬತ್ತು ರೂಪಾಯಿ.

ಮೂರನೆಯದು ಲಂಗದ ಲಾಡಿಯಷ್ಟು ತೆಳ್ಳಗೆ.
ಒಳಗೆ ಗಾಜಿನ ಎಳೆಯಂತೆ, ಕೂದಲಿನಂಥದ್ದು,
ಚಿತ್ರ ಅದರಲ್ಲಿ ಬೆಳಕಾಗಿ ಓಡುತ್ತದಂತೆ.
ಮಡಚಬಾರದು. ಮೊಳೆ ತಾಗಿಸಬಾರದು.
ಆರು ಸಾವಿರದ ಎಂಟುನೂರು.
ಹದಿನೇಳು ಲೈನಿಂಗ್ ರವಿಕೆ—
ನಿಂತಲ್ಲೇ ಹೊಲಿದು ಮುಗಿಸಿದೆ, ಹುಕ್ಕು ಸಮೇತ.
ಇಲ್ಲೇ ಹಚ್ಚಿ ತೋರಿಸು ಎಂದೆ.
ಅರ್ಧ ಗಂಟೆ ಯಾವುದೋ ಸಮುದ್ರದ ಮೀನು ನೋಡಿದೆ,
ಒಂದು ಚುಕ್ಕಿ ಉದುರಲಿಲ್ಲ.
ಐವತ್ತು ಕಡಿಮೆ ಮಾಡಿದ.

ಭಾನುವಾರ ಕಾರ್ತ್ಯಾಯಿನಿ ಏಣಿ ಹತ್ತಿದಳು.
ಮೊಳೆ ಬೇಡವೆಂದು ಕ್ರಾಸ್‌ಪಟ್ಟಿಯಲ್ಲಿ ಕಟ್ಟುತ್ತ ಹೋದೆವು,
ಮೂಲೆ ಬಂದಲ್ಲಿ ಕಂಕುಳ ಗುಂಡಿಗೆ ತಿರುಗಿಸುವಂತೆ ಮೆಲ್ಲಗೆ.
ಸ್ವಿಚ್ಚು ಹಾಕಿದರೆ
ಪಾಪ್ಲಿನ್ನು. ಪಾಪ್ಲಿನ್ನಿನ ನಡುವೆ ಗೆರೆ.
ಮತ್ತೇನಿಲ್ಲ.
‘ಒಳ್ಳೆ ಚಿತ್ರ,’ ಎಂದಳು ಲಿಲ್ಲಿಬಾಯಿ, ‘ಮಾತು ಕಡಿಮೆ.’

ಅಸ್ಮಾಬಿ ಟಾರ್ಚು ಹಿಡಿದು ತುದಿಗಳನ್ನು ಓದಿದಳು.
ಪ್ಲೇಯರಿನ ಹತ್ತಿರ ‘ಡಿಸ್‌ಪ್ಲೇ’, ಪ್ರೊಜೆಕ್ಟರಿನ ಹತ್ತಿರ ‘ಸೋರ್ಸ್’.
ತಾಮ್ರಕ್ಕೆ ಹಿಂದುಮುಂದಿಲ್ಲವಂತೆ, ಇದಕ್ಕುಂಟಂತೆ.
ನಾನು ಬಾಯಿ ಬಿಡಲಿಲ್ಲ.
ಬಟ್ಟೆಯ ಒಳಮೈ ಹೊರಮೈ ನೋಡದೆ ಕತ್ತರಿ ಹಾಕಿದ
ಹುಡುಗಿಯರನ್ನು ಅಳಿಸಿದವಳು ನಾನು.
ಅವರೂ ಏನೂ ಅನ್ನಲಿಲ್ಲ, ಅದೇ ಹೆಚ್ಚಾಯಿತು.
ಹೊಲಿಗೆ ಬಿಚ್ಚುವುದು ಗೊತ್ತಿದ್ದ ಕೆಲಸ.
ಒಂದೊಂದೇ ಪಟ್ಟಿ ಬಿಚ್ಚಿ, ತಿರುಗಿಸಿ, ಮತ್ತೆ ಕಟ್ಟುವಾಗ
ಎಂಟೂವರೆಯ ಕೊನೇ ಬಸ್ಸು ಹಾರ್ನು ಹೊಡೆದು ಹೋಯಿತು.
ಯಾರೂ ಏಳಲಿಲ್ಲ.

ಮತ್ತೆ ಬಂತು.
ಒಂದೊಂದು ರೆಪ್ಪೆಯೂ ಲೆಕ್ಕಕ್ಕೆ ಸಿಗುವಂತೆ ಬಂತು.
ಹೀರೋಯಿನ್ನು ಅಳುತ್ತ ಬೆನ್ನು ತಿರುಗಿಸಿದಳು,
ಕಾರ್ತ್ಯಾಯಿನಿ ಅರ್ಧ ಎದ್ದಳು:
ನಿಲ್ಲಿಸಿ, ನಿಲ್ಲಿಸಿ, ಹಿಂದಕ್ಕೆ ಹಾಕಿ,
ಎಡತೋಳು ನೋಡಿ, ಸುಕ್ಕು ಬಿದ್ದಿದೆ—
ಇಷ್ಟು ದೊಡ್ಡ ಸಿನಿಮಾ,
ಇವರಿಗೊಬ್ಬಳು ಟೈಲರು ಸಿಗಲಿಲ್ಲವಾ?