ಬರೂ ದಾರಿ

ಸನ್‌ಶೈನ್ ಅಂತ ಹೆಸರು ಈ ಊರಿಗೆ, ಮೆಲ್ಬರ್ನಿನ ಪಡುವಲಿಗೆ.
ಜುಲೈ ತಿಂಗಳ ಬೆಳಗು. ಶೆಡ್ಡಿನ ತಗಡಿಗೆ
ಬೆರಳು ಅಂಟುವಷ್ಟು ಚಳಿ.
ಜೈಡನ್ ಝಮಿಟ್ ತನ್ನ ಹಳೆಯ ಕಮೊಡೋರ್ ತಂದು ನಿಲ್ಲಿಸಿದ.
ಇಪ್ಪತ್ತರ ಹುಡುಗ. ಹುಟ್ಟುಕಿವುಡ.
ಹಿಂದಿನ ಗಾಜಿನ ಧೂಳಿನಲ್ಲಿ ಬೆರಳಿಂದ ಬರೆದ:
ದೊಡ್ಡದು ಬಂದಾಗ ಸಾಯುತ್ತದೆ.

ಕಿವುಡನಿಗೇಕೆ ಸಾವಿರ ವಾಟಿನ ಆಂಪ್ಲಿಫೈಯರು?
ಕೇಳಲಿಲ್ಲ ನಾನು. ಕೇಳುವವನಿದ್ದೆ, ಸುಳ್ಳೇಕೆ,
ಅಷ್ಟರಲ್ಲಿ ಅವನು ನನ್ನ ಕೈ ಹಿಡಿದು
ಸೀಟಿನ ಬೆನ್ನಿಗೆ ಅಂಗೈ ಒತ್ತಿಸಿ
ಹಾಡು ಹಚ್ಚಿದ.
ಹಿಟ್ಟಿನ ಗಿರಣಿಯಲ್ಲಿ ಪಟ್ಟಿ ತಿರುಗಿದರೆ
ಕಾಯುವವರ ಪಾದ ನಡುಗುತ್ತದಲ್ಲ,
ಹಾಗೆ ಮೊಣಕೈವರೆಗೆ ಹತ್ತಿತು ಬೇಸು.
ಆಮೇಲೆ ಹಸಿರು ದೀಪ ಕೆಂಪಾಯಿತು.
ಕೈಯಡಿಯ ಸೀಟು ಬರೀ ಸೀಟು.

ಬ್ಯಾಟರಿ ಹೊಸದು, ಹನ್ನೆರಡೂವರೆ.
ಇಂಜಿನ್ ಓಡಿದರೆ ಹದಿನಾಲ್ಕು ಚಿಲ್ಲರೆ;
ಆಲ್ಟರ್ನೇಟರಿನ ಮೇಲೆ ಹೊರಿಸಲು ತಪ್ಪಿಲ್ಲ.
ಫ್ಯೂಜು ಸರಿ. ಹೆಬ್ಬೆರಳ ಗಾತ್ರದ ಕೆಂಪು ತಂತಿ
ಬಾನೆಟ್ಟಿನಿಂದ ಡಿಕ್ಕಿಯವರೆಗೆ ಎಲ್ಲೂ ಸವೆದಿಲ್ಲ.
ಆದರೂ ಆಂಪ್ಲಿಫೈಯರಿನ ಬಾಯಲ್ಲಿ ಅಳೆದರೆ
ಬೇಸು ಬಿದ್ದೊಡನೆ ಹತ್ತಕ್ಕೆ ಕುಸಿತ.
ಯಾವನೋ ಅಂಗಡಿಯವನು ಇದಕ್ಕೆ
ತಂಬಿಗೆಯಷ್ಟು ದೊಡ್ಡ ಕೆಪಾಸಿಟರ್ ಮಾರಿದ್ದ:
ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಮತ್ತೆ ಒಂದು ಸಿಳ್ಳು, ಬಾಗಿಲ ಸ್ಪೀಕರಿನಲ್ಲಿ.
ಇಂಜಿನ್ ಏರಿದರೆ ಏರುವ, ಇಳಿದರೆ ಇಳಿಯುವ,
ಒಳಗೆ ಸಿಕ್ಕಿಬಿದ್ದ ಸೊಳ್ಳೆ.
ಎರಡು ವರ್ಷ ಅದರ ಜೊತೆಗೇ ಊರೆಲ್ಲ ಸುತ್ತಿದ್ದಾನೆ.
ಯಾರೂ ಹೇಳಿಲ್ಲ ಅವನಿಗೆ.
ಹೇಳಿರಬಹುದು, ಬೆನ್ನ ಹಿಂದೆ.

ಹುಬ್ಬಳ್ಳಿ ಬಂಕಾಪುರ ಚೌಕದ ಲಾರಿ ಶೆಡ್ಡಿನಲ್ಲಿ
ಮಾಬುಸಾಬನ ಹತ್ತಿರ ಮೀಟರಿರಲಿಲ್ಲ.
ಒಂದು ಬಲ್ಬು, ಎರಡು ತಂತಿ,
ನಾಲಿಗೆ ತುಂಬ ಬೈಗುಳ.
‘ಹೋಗೂ ದಾರಿ ಎಲ್ಲಾರೂ ನೋಡ್ತಾರಲೇ ಮಗನ,
ಬರೂ ದಾರಿ ಯಾವ ನೋಡ್ತಾನ?
ಕರೆಂಟು ಹೊಳ್ಳಿ ಮನೀಗೆ ಬರಬೇಕಲಾ!’

ಡಿಕ್ಕಿಯ ಚಾಪೆ ಎತ್ತಿದೆ.
ಕಪ್ಪು ತಂತಿ, ಕೆಂಪಿನ ಅರ್ಧ ದಪ್ಪ,
ಬಣ್ಣದ ಮೇಲೇ ತಿರುಪಿದ ಒಂದು ಸ್ಕ್ರೂ.
ಅರ್ತ್ ಅನ್ನುತ್ತೇವೆ ಇದಕ್ಕೆ.
ನಾಲ್ಕು ರಬ್ಬರಿನ ಮೇಲೆ ನಿಂತ ಗಾಡಿಗೆ ಎಲ್ಲಿಯ ಭೂಮಿ?
ಇರುವುದೊಂದು ತಗಡು, ಅದೂ ಬಣ್ಣದ ಕೆಳಗೆ.

ಮೀಟರಿನ ಒಂದು ಮುಳ್ಳು ಆ ಸ್ಕ್ರೂವಿಗೆ,
ಇನ್ನೊಂದು, ಉದ್ದ ತಂತಿ ಕಟ್ಟಿ,
ಬ್ಯಾಟರಿಯ ಕಪ್ಪು ಮೊಳೆಗೆ.
ಅವನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕೂತ.
ಬೇಸು ಬರುವ ಕ್ಷಣ ತೋರುಬೆರಳು ಎತ್ತಿದ.
ಸೊನ್ನೆ ಇರಬೇಕಾದಲ್ಲಿ ನಾಲ್ಕು ವೋಲ್ಟು.
ಇನ್ನೊಮ್ಮೆ. ಬೆರಳು; ನಾಲ್ಕು.
ಮೂರನೆಯ ಸಲ ಅವನೇ ಬಗ್ಗಿ ನೋಡಿದ,
ಸ್ಕ್ರೂವಿನ ಕಡೆ ಕೈ ತೋರಿ
ನನಗೆ ತಿಳಿಯದ ಒಂದು ಸನ್ನೆ ಮಾಡಿದ.
ಬೈಗುಳವೇ ಇರಬೇಕು. ಮಾಬುಸಾಬನಿಗೆ ಹಿಡಿಸುತ್ತಿತ್ತು.

ಉಜ್ಜುಕಾಗದ ಅವನ ಕೈಗೇ ಕೊಟ್ಟೆ.
ಮೊದಲು ಬಿಳಿ ಹೋಯಿತು, ಆಮೇಲೆ ಬೂದು,
ಆಮೇಲೆ ಹಳೆಯ ಎಂಟಾಣೆಯಷ್ಟಗಲ
ಹೊಳೆವ ಉಕ್ಕು.
ಅಲ್ಲಿಗೆ ಕೂರಿಸಿದೆ ಹೊಸ ಬೋಲ್ಟು, ಹಲ್ಲಿನ ವಾಷರು,
ಕೆಂಪಿನಷ್ಟೇ ದಪ್ಪದ ಕಪ್ಪು ತಂತಿ,
ತುಕ್ಕು ಮುಟ್ಟದಂತೆ ಒಂದು ಬೆರಳು ಗ್ರೀಸು.

ದೊಡ್ಡದು ಬಂತು. ಹಸಿರು ಹಸಿರಾಗೇ ಉಳಿಯಿತು.
ಅವನು ಕಣ್ಣು ಮುಚ್ಚಿ ಬೆನ್ನು ಸೀಟಿಗೆ ಕೊಟ್ಟ.
ಸಿಳ್ಳೂ ನಿಂತಿತ್ತು,
ನನಗೊಬ್ಬನಿಗೇ ಗೊತ್ತಾಗುವ ಹಾಗೆ.
ಇಲ್ಲದ್ದು ಇಲ್ಲವಾಯಿತೆಂದು ಹೇಗೆ ಹೇಳುವುದು?
ಗಾಜಿನ ಧೂಳೆಲ್ಲ ನಮ್ಮ ತೋಳಿಗೆ ಹತ್ತಿತ್ತು.
ಬಿಲ್ಲಿನಲ್ಲಿ ಬರೆದೆ: ತಂತಿ ಎರಡಡಿ, ಬೋಲ್ಟು ಒಂದು,
ಕೂಲಿ ಅರ್ಧ ಗಂಟೆ.
ಸಿಳ್ಳಿನ ಲೆಕ್ಕ ಹಿಡಿಯಲಿಲ್ಲ.

ತಿರುವಿನಲ್ಲಿ ಅವನು ಮತ್ತೆ ಹಚ್ಚಿದ.
ಪಕ್ಕದ ಟೈರಿನಂಗಡಿಯ ಹುಯೆನ್ ಹೊರಗೆ ಬಂದು
ಎರಡೂ ಕಿವಿ ಮುಚ್ಚಿಕೊಂಡ.
ನಾನು ತಗಡಿನ ಗೋಡೆಗೆ ಅಂಗೈ ಇಟ್ಟೆ.
ಕೊರೆಯುತ್ತಿತ್ತು.
ಗಾಡಿ ಕಾಣದಾದ ಮೇಲೂ ಸ್ವಲ್ಪ ಹೊತ್ತು
ತೆಗೆಯಲಿಲ್ಲ.